ಒಂದರಿಂದ ಶುರುವಾಗುವ ಟೇಪು

ಅಪ್ಪನ ಟೇಪಿನ ಮೊದಲ ಇಂಚು
ನಾನು ಹುಟ್ಟುವ ಮೊದಲೇ ಹರಿದಿತ್ತು.
ಹಿತ್ತಾಳೆಯ ತುದಿಯಿಲ್ಲ, ಸೊನ್ನೆಯೂ ಇಲ್ಲ,
ಒಂದರಿಂದಲೇ ಶುರು.
ಹೊಸದು ತಗೋ ಅಂದರೆ,
"ಲೆಕ್ಕದಾಗ ಒಂದು ಕಳದರ ಆತು,
ಅದಕ್ಯಾಕ ಹನ್ನೆರಡು ರೂಪಾಯಿ?"

ಆ ಜೂನಿನಲ್ಲಿ ಉಣಕಲ್ಲಿನ ಸಾಲಿಗೆ ಸಮವಸ್ತ್ರದ ಗುತ್ತಿಗೆ.
ಅರವತ್ತೆರಡು ಮಕ್ಕಳು, ನಾಲ್ಕನೆತ್ತೆಯಿಂದ ಏಳರ ತನಕ,
ಪಡಸಾಲೆಯ ಉದ್ದಕ್ಕೂ.
ಒಬ್ಬೊಬ್ಬರನ್ನೇ ಅಪ್ಪಿಕೊಂಡಂತೆ ಟೇಪು ಸುತ್ತಿ
ಅಪ್ಪ ಕೂಗುವುದು, ನಾನು ಬರೆಯುವುದು:
ಎದಿ ಇಪ್ಪತ್ತೇಳು. ಎದಿ ಇಪ್ಪತ್ತೆಂಟು. ಮತ್ತ ಇಪ್ಪತ್ತೇಳು.
"ಉಸಿರು ಬಿಡಲೇ, ಪೈಲವಾನಾ!"
ಕಸ್ತೂರಿ ಹಂಚಿನಮನಿ, ಎಲ್ಲರಿಗಿಂತ ಸಣ್ಣಾಕಿ,
ಟೇಪು ತಾಗಿದರೇ ಕಚಗುಳಿ:
ಇಪ್ಪತ್ಮೂರು.
ಕೊನೆಗೆ ಫಕ್ಕೀರೇಶ, ಏಳನೆತ್ತೆಯಲ್ಲಿ ಎರಡನೇ ಸಲ,
ಮೂಡಿದ ಮೀಸೆಗೆ ನಾಚಿ ಗೋಡೆ ನೋಡುತ್ತ:
ಮೂವತ್ತಾರು.

ಹಾಳೆ ತುಂಬಿದ ಮೇಲೆ ನೆನಪಾಯಿತು,
ಒಂದು ಕಳೆದೇ ಇಲ್ಲ, ಒಬ್ಬರದ್ದೂ!
ನನಗೆ ಅಳು. ಅಪ್ಪ ನಕ್ಕ.
"ಎಲ್ಲಾರಿಗೂ ಒಂದ ತಪ್ಪು ಅಂದರ
ಅದು ತಪ್ಪಲ್ಲ, ಸಡಿಲು. ಬೆಳಿಯೂ ಹುಡುಗರು, ಇರಲಿ."
ಆಮೇಲೆ ದೊಡ್ಡದರಲ್ಲಿ ಸಣ್ಣದು ಕಳೆದು ತೋರಿಸಿದ:
ಮೂವತ್ತಾರರಲ್ಲಿ ಇಪ್ಪತ್ಮೂರು ಹೋದರೆ ಹದಿಮೂರು.
ಮೂವತ್ತೈದರಲ್ಲಿ ಇಪ್ಪತ್ತೆರಡು ಹೋದರೂ ಹದಿಮೂರೇ.
"ನೋಡು, ಹರದ ಇಂಚಿನ ಸುದ್ದಿ
ಇಬ್ಬರ ನಡುವಿನ ದೂರಕ್ಕ ಗೊತ್ತೇ ಇಲ್ಲ."
ಆ ಹದಿಮೂರಕ್ಕೆ ಪುಸ್ತಕದ ಹೆಸರು ಅವನಿಗೆ ತಿಳಿಯದು.
ಹರವು ಅನ್ನುತ್ತಿದ್ದ, ಬಟ್ಟೆ ಹರವಿದಂತೆ.

ಹೆಡ್ಮಾಸ್ತರರು ಬಂದರು: ಯಾಕಿಷ್ಟು ಗದ್ದಲ ಪುಂಡಲೀಕ,
ಸರಾಸರಿ ತೆಗೆದು ಒಂದೇ ಅಳತೆಗೆ ಹೊಲಿ.
ಅಪ್ಪ ತುಟಿಯಿಂದ ಸೂಜಿ ತೆಗೆದ.
"ಸರಾಸರಿಗೆ ಅಂಗಿ ಹೊಲಿಬಹುದು ಸರ,
ಹಾಕ್ಕೊಳ್ಳಾಕ ಸರಾಸರಿ ಸಾಲಿಗೆ ಬರೂದಿಲ್ಲ."

ರಾತ್ರಿ ಕತ್ತರಿ ಮೇಜಿನ ಮೇಲೆ ಸುಣ್ಣದ ಗೆರೆ ಎಳೆದು
ಮಗುವಿಗೊಂದು ಗುಂಡಿ ಇಟ್ಟೆವು.
ಇಪ್ಪತ್ತೇಳರ ಮೇಲೆ ಗುಂಡಿಯ ಮೇಲೆ ಗುಂಡಿ,
ಸಂಜೆ ಧಾರವಾಡದ ಬಸ್ಸಿಗೆ ಜನ ಮುಗಿಬಿದ್ದಂತೆ.
ಎಡಕ್ಕೆ ಕಸ್ತೂರಿ ಒಬ್ಬಳೇ.
ಬಲಕ್ಕೆ ಖಾಲಿ,
ಖಾಲಿ,
ಖಾಲಿ,
ಆಮೇಲೆ ಫಕ್ಕೀರೇಶ.

ಬಟ್ಟೆ ಬಂದದ್ದು ಆಗಸ್ಟಿಗೆ. ಮತ್ತೊಮ್ಮೆ ಅಳತೆ.
ಈ ಸಲ ಒಂದು ಕಳೆಯಲು ಮರೆಯಲಿಲ್ಲ.
ಸಣ್ಣದು ಇಪ್ಪತ್ತೆರಡು. ದೊಡ್ಡದು ಮೂವತ್ತೊಂದು.
ಹರವು ಒಂಬತ್ತು.
"ನಾಕ ಇಂಚು ಎಲ್ಲಿ ಹೋತು?" ಅಂದ ಅಪ್ಪ.
ಅರವತ್ತೊಂದು ಮಕ್ಕಳು ಇದ್ದಂತೆಯೇ ಇದ್ದರು,
ಯಾರ ಎದೆಯೂ ನೂಲಿನಷ್ಟು ಹಿಗ್ಗಿಲ್ಲ, ಕುಗ್ಗಿಲ್ಲ.
ಹೆಡ್ಮಾಸ್ತರರಿಗೆ ಸಮಾಧಾನ:
ಈಗ ನೋಡರಿ, ಎಲ್ಲಾರೂ ಒಂದೇ ಸಮ ಕಾಣತಾರ.

ಗೋಕುಲ ರಸ್ತೆಯ ಗ್ಯಾರೇಜು.
ಲಾರಿಯ ಕೆಳಗಿಂದ ಎರಡು ಕಾಲು ಹೊರಗೆ.
ಅಪ್ಪ ಸೈಕಲ್ ನಿಲ್ಲಿಸಿ, ಕರೆಯದೆ,
ಬಹಳ ಹೊತ್ತು ನೋಡಿ
"ಮೂವತ್ತಾರು ಆಗ್ಯಾನ" ಅಂದ.
ಒಂದು ಕಳೆದೋ ಕಳೆಯದೆಯೋ
ನಾನು ಕೇಳಲಿಲ್ಲ.

ಈಗ ಧಾರವಾಡದಲ್ಲಿ ಒಂಬತ್ತನೆತ್ತೆಗೆ ಬೋರ್ಡಿನ ಮೇಲೆ ಬರೆಯುತ್ತೇನೆ:
ವ್ಯಾಪ್ತಿ ಅಂದರೆ ಗರಿಷ್ಠದಲ್ಲಿ ಕನಿಷ್ಠ ಕಳೆ.
ಇಬ್ಬರ ಮಾತನ್ನಷ್ಟೇ ಕೇಳುವ ಲೆಕ್ಕ,
ನಡುವಿನ ಅರವತ್ತು ಮಂದಿ ಬಾಯಿ ಮುಚ್ಚಿ ನಿಂತಿರುತ್ತಾರೆ.
ಅವರಿಗೆಂದೇ ಮುಂದಿನ ಪಾಠ, ವಿಚಲನೆ:
ನೀನು ನಡುವಿನಿಂದ ಎಷ್ಟು ದೂರ, ನೀನು ಎಷ್ಟು ದೂರ ಅಂತ
ಮನೆಮನೆಗೆ ಹೋಗಿ ಕೇಳಿಕೊಂಡು ಬರುವ ಕೆಲಸ.
ಹಾಜರಿಯಲ್ಲಿ ಓಗೊಡದ ಹೆಸರನ್ನು
ಇನ್ನೊಮ್ಮೆ ಕೂಗುತ್ತೇನೆ. ಅಭ್ಯಾಸ.

ಟೇಪು ನನ್ನ ಕೈಚೀಲದಲ್ಲಿದೆ.
ಮೊನ್ನೆ ಒಬ್ಬಳು ಬೆಂಚು ಅಳೆದು ನಲವತ್ತೊಂಬತ್ತು ಅಂದಳು.
ಒಂದು ಕಳೆ, ಅಂದೆ.
ತುದಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ,
ಟೀಚರ್, ಇದರ ಸೊನ್ನೆ ಯಾರ ಹತ್ರ ಐತ್ರಿ? ಅಂದಳು.